ಬೇಸರದ ಫೋಟೊ ತೆಗೆಸುವ ಕ್ರಮ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಬಳಕೆದಾರರಿಗಾಗಿ. ಯಂತ್ರ ಚಾಲೂ ಮಾಡುವ ಮೊದಲು ಪೂರ್ತಿ ಓದಿ. ಓದಿದ ಮೇಲೆ ಚಾಲೂ ಮಾಡುವುದೇ ಬೇಡವೆನ್ನಿಸಿದರೆ ಅದಕ್ಕೆ ತಯಾರಕರು ಹೊಣೆಯಲ್ಲ.

ಬಳಕೆದಾರರು ಯಾರು

ಮನೆಯಲ್ಲಿ ಒಬ್ಬರು ಎರಡು ವಾರಕ್ಕೂ ಮೇಲ್ಪಟ್ಟು ಸರಿಯಾಗಿ ಉಂಡಿಲ್ಲ. ನಸುಕಿನ ಮೂರಕ್ಕೇ ಎದ್ದು ಕಟ್ಟೆಯ ಮೇಲೆ ಕೂರುತ್ತಾರೆ. ಹೊಲದ ಕಡೆ ಹೆಜ್ಜೆ ಇಟ್ಟಿಲ್ಲ, ಮೊಮ್ಮಗು ತೊಡೆ ಹತ್ತಿದರೂ ಮುಖ ಅರಳುವುದಿಲ್ಲ. ಕೇಳಿದರೆ ‘ಏನಿಲ್ಲ ಬಿಡು, ತಲಿ ಗಿಮ್ ಅಂತೈತಿ’ ಎನ್ನುತ್ತಾರೆ. ರಕ್ತ ತಪಾಸಣೆ ಮಾಡಿಸಿದ್ದಾಗಿದೆ, ಈಸಿಜಿ ಆಗಿದೆ, ಗ್ಯಾಸಿನ ಮಾತ್ರೆಯ ಎರಡು ಪಟ್ಟಿ ಖಾಲಿಯಾಗಿದೆ. ಎಲ್ಲ ನಾರ್ಮಲ್. ರಿಪೋರ್ಟು ನಾರ್ಮಲ್ ಬಂದ ದಿನದಿಂದಲೇ ಮನೆಯವರ ಸಿಟ್ಟು ಶುರು: ‘ಎಲ್ಲಾ ಛಲೋ ಐತಂತ ಡಾಕ್ಟರ್ ಬರದು ಕೊಟ್ಟಾರ, ಎದ್ದು ಅಡ್ಡಾಡಾಕ ಇವ್ಗೇನಾಗೇತಿ?’

ಇಂಥ ಹೊತ್ತಿಗೆ ಅಳಿಯನ ಮೊಬೈಲಿಗೆ ಒಂದು ಸುದ್ದಿ ಬರುತ್ತದೆ. ಖಿನ್ನತೆ ಈಗ ಮೆದುಳಿನ ಸ್ಕ್ಯಾನಿನಲ್ಲಿ ಕಾಣುತ್ತದಂತೆ. ಪಕ್ಕಪಕ್ಕದಲ್ಲಿ ಎರಡು ಮೆದುಳು, ಒಂದು ನೀಲಿ, ಇನ್ನೊಂದು ಕೆಂಡದಂತೆ ಕೆಂಪು. ಅಳಿಯ ಎದ್ದು ನಿಲ್ಲುತ್ತಾನೆ: ‘ಮಾವಾರದ್ದು ಒಂದು ಸ್ಕ್ಯಾನ್ ತಗಸೇಬಿಡೂಣು.’

ಈ ಕೈಪಿಡಿ ಮುಖ್ಯವಾಗಿ ಆ ಅಳಿಯನಿಗೆ.

ಉಪಕರಣದ ಪರಿಚಯ

ಯಂತ್ರದ ಹೆಸರು ಎಂಆರ್‌ಐ. ಆದರೆ ಮಾಮೂಲಿ ಎಂಆರ್‌ಐ ಮೆದುಳಿನ ಆಕಾರವನ್ನಷ್ಟೇ ತೋರಿಸುತ್ತದೆ: ಗಡ್ಡೆ ಇದೆಯೇ, ರಕ್ತಸ್ರಾವವಾಗಿದೆಯೇ, ಹಳೆಯ ಪಾರ್ಶ್ವವಾಯುವಿನ ಗುರುತು ಉಳಿದಿದೆಯೇ ಎಂದು. ವಯಸ್ಸಾದ ಮೇಲೆ ಜೀವನದಲ್ಲೇ ಮೊದಲ ಸಲ ಖಿನ್ನತೆ ಬಂದವರಿಗೆ, ಜೊತೆಗೆ ಫಿಟ್ಸ್ ಬಂದವರಿಗೆ, ಕೈಕಾಲಿನ ಬಲ ಕುಂದಿದವರಿಗೆ ವೈದ್ಯರು ಅದನ್ನು ಮಾಡಿಸಲು ಹೇಳುತ್ತಾರೆ. ಹೇಳಿದರೆ ತಪ್ಪದೆ ಮಾಡಿಸಿ. ಅಲ್ಲಿ ಈ ಕೈಪಿಡಿಯ ಚೇಷ್ಟೆಗೆ ಜಾಗವಿಲ್ಲ.

ಅಳಿಯ ಓದಿದ ಸುದ್ದಿ ಫಂಕ್ಷನಲ್ ಎಂಆರ್‌ಐನದು. ಯಂತ್ರ ಅದೇ, ಓಡಿಸುವ ಕ್ರಮ ಬೇರೆ, ಆಮೇಲಿನ ಲೆಕ್ಕ ಪೂರ್ತಿ ಬೇರೆ. 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ಸೇಜಿ ಒಗಾವಾ ಇಲಿಗಳ ಮೆದುಳಿನಲ್ಲಿ ಇದರ ಮೂಲವನ್ನು ತೋರಿಸಿಕೊಟ್ಟರು. ಆಮ್ಲಜನಕ ಹೊತ್ತ ರಕ್ತವೂ ಅದನ್ನು ಇಳಿಸಿ ಬಂದ ರಕ್ತವೂ ಕಾಂತಕ್ಷೇತ್ರದಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಮೆದುಳಿನ ಒಂದು ಭಾಗ ಕೆಲಸಕ್ಕಿಳಿದರೆ ಅತ್ತ ಹೊಸ ರಕ್ತ ನುಗ್ಗುತ್ತದೆ, ಅಲ್ಲಿಂದ ಬರುವ ಸಂಕೇತ ಶೇಕಡಾ ಒಂದೆರಡರಷ್ಟು ಏರುತ್ತದೆ. ಅದೂ ಐದಾರು ಸೆಕೆಂಡ್ ತಡವಾಗಿ. ಹಾಗಾಗಿ ಮಾವನ ದುಃಖ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ದುಃಖದ ಹಿಂದೆ ತಡವಾಗಿ ಓಡಿಬಂದ ರಕ್ತ ಬೀಳುತ್ತದೆ, ಅಷ್ಟೇ.

ಒಳಗೆ ಹೋಗುವ ಮುನ್ನ ಕಳಚಬೇಕಾದವು

ಸಂಶೋಧನೆಗೆ ಬಳಸುವ ಯಂತ್ರದ ಕಾಂತಬಲ ಸಾಮಾನ್ಯವಾಗಿ 3 ಟೆಸ್ಲಾ, ಭೂಮಿಯದಕ್ಕಿಂತ ಸುಮಾರು 60,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಕಾಂತ ಆರಿರುವುದಿಲ್ಲ. ಹೆರಪಿನ್ನು, ಸೀರೆಗೆ ಚುಚ್ಚಿದ ಪಿನ್ನು, ಬಳೆಯಲ್ಲಿ ಸಿಕ್ಕಿಸಿಕೊಂಡ ಮತ್ತೆರಡು ಪಿನ್ನು, ಕಾಲುಂಗುರ, ತಾಯತ, ಬೆಳ್ಳಿ ಉಡದಾರ, ತಾಳಿ, ಎಲ್ಲ ಹೊರಗೆ. ತಾಳಿ ತೆಗೆಯಲು ಅತ್ತೆ ಒಪ್ಪದಿದ್ದರೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಲಿ, ಯಂತ್ರಕ್ಕೆ ಅರಿಶಿನದ ಮೇಲೆ ದ್ವೇಷವಿಲ್ಲ. ಕೊರಳಲ್ಲಿ ಇಷ್ಟಲಿಂಗವಿರುವವರು ಬೆಳ್ಳಿಯ ಕರಡಿಗೆಯ ಮಾತನ್ನು ತಂತ್ರಜ್ಞರಿಗೆ ಮೊದಲೇ ಹೇಳಿ. ಒಳಗೆ ಮಲಗಿದ ಮೇಲೆ ನೆನಪಾದರೆ ಎಲ್ಲರಿಗೂ ಪೇಚು. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ಕಣ್ಣಿಗೋ ಮೈಗೋ ಲೋಹದ ಚೂರು ಹೊಕ್ಕ ಇತಿಹಾಸವಿದ್ದರೆ ಅದನ್ನಂತೂ ಬಾಗಿಲ ಆಚೆಯೇ ಹೇಳಬೇಕು.

ಮೊಬೈಲ್ ಅಳಿಯನ ಕೈಯಲ್ಲಿರಲಿ. ಅವನಿಗೆ ಬೇರೆ ಕೆಲಸವೂ ಇಲ್ಲ.

ಹಂತ 1: ಅಲುಗಾಡಬೇಡಿ

ಅಲುಗಾಡಬೇಡಿ. ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಸರಿದರೂ ಸಾಕು, ಇಲ್ಲದ ಸಂಪರ್ಕ ಮೂಡುತ್ತದೆ, ಇದ್ದದ್ದು ಮಾಯವಾಗುತ್ತದೆ. 2012ರಲ್ಲಿ ಜೊನಾಥನ್ ಪವರ್ ಮತ್ತು ಸಂಗಡಿಗರು ಇದನ್ನು ಎತ್ತಿ ತೋರಿಸಿದಾಗ ಹಳೆಯ ಫಲಿತಾಂಶಗಳನ್ನು ಹಲವರು ಮತ್ತೆ ತೆಗೆದು ನೋಡಬೇಕಾಯಿತು. ಕೆಮ್ಮು ಬಂದರೆ ನುಂಗಿಕೊಳ್ಳಿ. ನುಂಗುವುದೂ ಅಲುಗಾಟವೇ.

ಹಂತ 2: ಏನನ್ನೂ ಯೋಚಿಸಬೇಡಿ

ಇಡೀ ಕ್ರಮದಲ್ಲಿ ಇದೇ ಕಷ್ಟದ ಹಂತ. ಯಂತ್ರ ಎಂಟು ಹತ್ತು ನಿಮಿಷ ‘ಢಗ್ ಢಗ್’ ಎನ್ನುತ್ತಿರುತ್ತದೆ. ಕಿವಿಗೆ ಬಿರಡೆ ಕೊಟ್ಟಿರುತ್ತಾರೆ, ಆದರೂ ಕೇಳುತ್ತದೆ. ಕಣ್ಣೆದುರು ಒಂದು ಕೂಡಿಸುವ ಚಿಹ್ನೆ. ‘ಅದನ್ನ ನೋಡ್ತಾ ಇರಿ, ನಿದ್ದೆ ಮಾಡಬೇಡಿ, ವಿಶೇಷವಾಗಿ ಏನನ್ನೂ ಯೋಚನೆ ಮಾಡಬೇಡಿ.’ ಸಂಶೋಧನೆಯ ಭಾಷೆಯಲ್ಲಿ ಇದು ವಿಶ್ರಾಂತ ಸ್ಥಿತಿ.

ಸುಮ್ಮನೆ ಮಲಗಿದವರ ಮೆದುಳನ್ನು ಅಳೆದು ಪ್ರಯೋಜನವೇನು ಎಂದು ಮೊದಮೊದಲು ವಿಜ್ಞಾನಿಗಳಿಗೂ ಅನ್ನಿಸಿತ್ತು. ಭಾರತ ಮೂಲದ ಭರತ್ ಬಿಸ್ವಾಲ್ ಅಮೆರಿಕದ ಮಿಲ್ವಾಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಬೆರಳಾಡಿಸದೆ ಸುಮ್ಮನಿದ್ದವರ ಮೆದುಳಿನಲ್ಲೂ ಎಡಗೈ ಮತ್ತು ಬಲಗೈ ಆಡಿಸುವ ಭಾಗಗಳ ಸಂಕೇತ ಒಟ್ಟೊಟ್ಟಿಗೆ ಏರಿಳಿಯುವುದನ್ನು ಕಂಡರು. 1995ರಲ್ಲಿ ಅದು ಪ್ರಕಟವಾಯಿತು. ಎರಡು ಭಾಗ ಜೊತೆಯಾಗಿ ಏರಿ ಜೊತೆಯಾಗಿ ಇಳಿದರೆ ಅವುಗಳ ನಡುವೆ ಸಂಪರ್ಕವಿದೆ ಎಂದು ಲೆಕ್ಕ. ‘ಮೆದುಳಿನ ಸಂಪರ್ಕ’ ಎಂದು ಸುದ್ದಿಯಲ್ಲಿ ಬರುವುದು ಬಹುತೇಕ ಇದೇ. ನಡುವೆ ತಂತಿ ಇದೆಯೆಂದು ಯಾರೂ ಕಂಡಿರುವುದಿಲ್ಲ. 2001ರಲ್ಲಿ ಮಾರ್ಕಸ್ ರೈಖಲ್ ಇನ್ನೊಂದು ಮಾತು ಸೇರಿಸಿದರು: ಹೊರಗಿನ ಕೆಲಸವಿಲ್ಲದಾಗ ಮೆದುಳಿನ ಕೆಲವು ಭಾಗಗಳು ತಾವಾಗಿ ಚುರುಕಾಗಿರುತ್ತವೆ. ಅದನ್ನು ಡೀಫಾಲ್ಟ್ ಮೋಡ್ ಎಂದರು. ಹಳೆಯದನ್ನು ಮೆಲುಕು ಹಾಕುವುದು, ನಾಳೆಯದನ್ನು ಎಣಿಸುವುದು, ‘ನನ್ನ ಬಾಳೇ ಹೀಂಗ’ ಎಂದು ತನ್ನ ಸುತ್ತಲೇ ಗಿರಕಿ ಹೊಡೆಯುವುದು ಇವಕ್ಕೆಲ್ಲ ಈ ಜಾಲದ ನಂಟಿದೆ ಎನ್ನುತ್ತಾರೆ.

ಈಗ ಬ್ಯಾಡಗಿಯ ಮಾವನನ್ನು ಆ ಕೊಳವೆಯೊಳಗೆ ಮಲಗಿಸಿ ‘ಏನೂ ಯೋಚಿಸಬೇಡಿ’ ಎನ್ನಿ. ಕೂಡಿಸುವ ಚಿಹ್ನೆ ಕಂಡ ಕೂಡಲೇ ಆತ ಕೂಡಿಸಲು ಶುರು ಮಾಡುತ್ತಾನೆ. ಸೊಸೈಟಿಯ ಸಾಲ, ಅದರ ಬಡ್ಡಿ, ಗೊಬ್ಬರದಂಗಡಿಯ ಬಾಕಿ, ಮಗಳ ಮದುವೆಗೆ ಎತ್ತಿದ ಕೈಗಡ, ನೀರು ಬಾರದ ಬೋರಿಗೆ ಕೊಟ್ಟದ್ದು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಬಿದ್ದಿತೆಂದು ಬ್ಯಾಡಗಿಯ ಎಪಿಎಂಸಿಯಲ್ಲಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದು ಎಲ್ಲರಿಗೂ ಗೊತ್ತು. ಸಿಟ್ಟು ಮಾಡಿದವರು ಟಿವಿಯಲ್ಲಿ ಬಂದರು. ಬಿದ್ದ ದರವನ್ನು ಮನಸ್ಸಿಗೆ ಹಚ್ಚಿಕೊಂಡು, ಯಾರಿಗೂ ಏನೂ ಹೇಳದೆ ಊರ ಬಸ್ಸು ಹತ್ತಿದವರನ್ನು ಯಾವ ಕ್ಯಾಮೆರಾ ಹಿಡಿದೀತು? ಅವರಲ್ಲೊಬ್ಬರು ಇಲ್ಲಿ ಮಲಗಿದ್ದಾರೆ ಎಂದುಕೊಳ್ಳಿ. ಅವರ ವಿಶ್ರಾಂತ ಸ್ಥಿತಿಯಲ್ಲಿ ವಿಶ್ರಾಂತಿ ಎಷ್ಟಿರುತ್ತದೆಂದು ಊಹಿಸಲು 3 ಟೆಸ್ಲಾ ಬೇಕಿಲ್ಲ.

ಕೊಳವೆಯೊಳಗೆ ಸುಮ್ಮನಿರಲು ಆಗದವರಿಗೆ ನಮ್ಮ ರಾಜ್ಯದಲ್ಲೇ ಒಂದು ದಾರಿ ಪರೀಕ್ಷೆಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 12 ಮಂದಿ ಆರೋಗ್ಯವಂತರಿಗೆ ಸ್ಕ್ಯಾನರಿನೊಳಗೆ ಒಮ್ಮೆ ಓಂಕಾರ ಹೇಳಿಸಿದರು, ಹೋಲಿಕೆಗೆ ಒಮ್ಮೆ ಬರಿಯ ‘ಸ್‌ಸ್‌ಸ್’ ಎನ್ನಿಸಿದರು. 2011ರಲ್ಲಿ ಫಲಿತಾಂಶ ಬಂತು. ಓಂಕಾರದ ಹೊತ್ತಿಗೆ ಭಾವನೆಗಳಿಗೆ ನಂಟಿರುವ ಭಾಗಗಳ ಸಂಕೇತ ಇಳಿದಿತ್ತು, ‘ಸ್‌ಸ್‌ಸ್’ಗೆ ಹಾಗಾಗಲಿಲ್ಲ. ಅಧ್ಯಯನ ಮಾಡಿದವರು ಇದು ಪ್ರಾಥಮಿಕ ಪ್ರಯೋಗ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾರೆ. ಅದನ್ನು ವಾಟ್ಸ್ಆ್ಯಪಿನಲ್ಲಿ ಹಂಚುವವರು ಆ ಶೀರ್ಷಿಕೆ ಕತ್ತರಿಸಿ ಹಂಚುತ್ತಾರೆ.

ಹಂತ 3: ಬೀಜ ಊರುವುದು

ಎರಡು ಸೆಕೆಂಡಿಗೊಂದರಂತೆ ಎಂಟು ನಿಮಿಷಕ್ಕೆ ಇಡೀ ಮೆದುಳಿನ 240 ಚಿತ್ರ. ಪ್ರತಿ ಚಿತ್ರದಲ್ಲಿ ಮೂರು ಮಿಲಿಮೀಟರಿನ ಹತ್ತಾರು ಸಾವಿರ ಪುಟ್ಟ ಘನಗಳು. ಒಂದು ಜಾಗ ಆರಿಸಿ, ಅದರ ಏರಿಳಿತಕ್ಕೆ ಇನ್ನುಳಿದ ಯಾವ ಯಾವ ಘನಗಳ ಏರಿಳಿತ ಹೊಂದುತ್ತದೆಂದು ಲೆಕ್ಕ ಹಾಕುತ್ತಾರೆ. ಆರಿಸಿದ ಜಾಗಕ್ಕೆ ಅವರು ಬೀಜ ಎಂದೇ ಹೇಳುವುದು. ಯಾವ ಬೀಜ ಊರಿದರೆ ಯಾವ ಬೆಳೆ ಎಂಬ ವಿಚಾರ ರಾಣೆಬೆನ್ನೂರಿನವರಿಗೆ ಹೇಳಿಕೊಡಬೇಕಿಲ್ಲ, ಮುಂದಕ್ಕೆ ಹೋಗೋಣ.

ಖಿನ್ನತೆಯ ಅಧ್ಯಯನದಲ್ಲಿ ಹೆಚ್ಚು ಹೆಸರಾದ ಬೀಜ ಹಣೆಯ ಹಿಂದೆ ಮಧ್ಯದಲ್ಲಿ, ಆಳದಲ್ಲಿರುವ ಸಬ್‌ಜೀನುಯಲ್ ಸಿಂಗ್ಯುಲೇಟ್. ಆ ಹೆಸರನ್ನು ಒಮ್ಮೆ ಹೇಳಿದರೆ ಸಾಕು.

ಹಂತ 4: ಬಣ್ಣ ಹಚ್ಚುವುದು

ಯಂತ್ರದಿಂದ ಹೊರಬರುವುದು ಅಂಕಿಗಳು. ಕೆಂಪು ನೀಲಿ ಮನುಷ್ಯರು ಹಚ್ಚಿದ್ದು. ಎಷ್ಟು ಅಂಕಿ ದಾಟಿದ ಘನಕ್ಕೆ ಕೆಂಪು ಹಚ್ಚಬೇಕೆಂಬ ಗೆರೆಯನ್ನೂ ಮನುಷ್ಯರೇ ಎಳೆಯುತ್ತಾರೆ. ಗೆರೆ ಸಡಿಲವಾದರೆ ಮೆದುಳೆಲ್ಲ ಕೆಂಪು, ಬಿಗಿಯಾದರೆ ಎಲ್ಲ ಬೂದು.

ಬ್ಯಾಡಗಿಯವರಿಗೆ ಇದನ್ನು ಮಾರುಕಟ್ಟೆಯ ಲೆಕ್ಕದಲ್ಲೇ ಹೇಳಬಹುದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಸುಕ್ಕುಗಟ್ಟಿದ ಸಿಪ್ಪೆಯ ಆ ಕಡುಗೆಂಪು ನೋಡಿ ಹೊರ ಊರಿನವರು ಹೆದರಿ ಕೈ ಹಿಂದೆಗೆಯುತ್ತಾರೆ. ಕಡಿದರೆ ಖಾರ ಕಡಿಮೆ. ಅದರ ರಸದ ಬಣ್ಣ ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಕೆಂಪು ನೋಡಿ ಖಾರ ಹೇಳಬಾರದೆಂದು ಮಂಡಿಯ ಹಮಾಲರಿಗೂ ಗೊತ್ತು. ಮೆದುಳಿನ ಚಿತ್ರದ ಕೆಂಪು ನೋಡಿ ‘ಅಬ್ಬಾ, ಎಷ್ಟು ದುಃಖ ಐತಿ ನೋಡ್ರಿ’ ಎನ್ನುವ ಅಳಿಯ ಆ ಹಮಾಲರಿಗಿಂತ ಹಿಂದಿದ್ದಾನೆ.

ಗೆರೆಯ ಆಟ ಎಲ್ಲಿಗೆ ಮುಟ್ಟಬಹುದೆಂದು 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ತೋರಿಸಿದರು. ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಫೋಟೊ ತೋರಿಸಿ, ಫೋಟೊದಲ್ಲಿರುವವರಿಗೆ ಏನನ್ನಿಸುತ್ತಿದೆ ಎಂದು ಮೀನನ್ನು ಕೇಳಿದರು. ಸಾವಿರಾರು ಘನಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಮಾಡದೆ ಬಿಟ್ಟಾಗ ಮೀನಿನ ಮೆದುಳಿನಲ್ಲೂ ಒಂದು ಚುಕ್ಕೆ ಕೆಂಪಾಯಿತು. ತಿದ್ದುಪಡಿ ಮಾಡಿದ ಮೇಲೆ ಮೀನು ಮತ್ತೆ ಸತ್ತಿತು. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು. ನಗಬಹುದು, ಆದರೆ 2020ರ ಪ್ರಯೋಗ ಅಷ್ಟು ನಗಿಸುವುದಿಲ್ಲ. ಒಂದೇ ಸ್ಕ್ಯಾನ್ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆ ಕೇಳಿದರು. ಎಲ್ಲವೂ ಪಳಗಿದ ತಂಡಗಳು. ಯಾವ ಎರಡು ತಂಡವೂ ಒಂದೇ ದಾರಿ ಹಿಡಿಯಲಿಲ್ಲ, ಹಲವು ಪ್ರಶ್ನೆಗಳಿಗೆ ಒಮ್ಮತವೂ ಮೂಡಲಿಲ್ಲ.

ಹಂತ 5: ಮಾವನೊಬ್ಬ ಸಾಲದು, ಜನ ತನ್ನಿ

ಸುದ್ದಿಯಲ್ಲಿ ಬಂದ ಆ ಎರಡು ಮೆದುಳು ಯಾರ ಮೆದುಳೂ ಅಲ್ಲ. ಒಂದು ಕಡೆ ಖಿನ್ನತೆಯಿರುವ ಹತ್ತಾರು, ನೂರಾರು ಜನರ ಸರಾಸರಿ, ಇನ್ನೊಂದು ಕಡೆ ಇಲ್ಲದವರ ಸರಾಸರಿ.

ಆ ಸರಾಸರಿಯಾದರೂ ಒಂದೇ ಮಾತು ಹೇಳುತ್ತದೆಯೇ? 2007ರಲ್ಲಿ ಸ್ಟ್ಯಾನ್‌ಫರ್ಡಿನ ಮೈಕೆಲ್ ಗ್ರೈಸಿಯಸ್ ಮತ್ತು ಸಂಗಡಿಗರು 28 ರೋಗಿಗಳನ್ನೂ 20 ಆರೋಗ್ಯವಂತರನ್ನೂ ಹೋಲಿಸಿ, ರೋಗಿಗಳಲ್ಲಿ ಆ ಒಂದೇ ಸಲ ಹೇಳಿದರೆ ಸಾಕೆಂದ ಜಾಗಕ್ಕೂ ಡೀಫಾಲ್ಟ್ ಜಾಲಕ್ಕೂ ಸಂಪರ್ಕ ಹೆಚ್ಚು ಎಂದರು. 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ, 556 ರೋಗಿಗಳ ಲೆಕ್ಕ ತೆಗೆದವರೂ ಡೀಫಾಲ್ಟ್ ಜಾಲದೊಳಗೆ ಸಂಪರ್ಕ ಹೆಚ್ಚೆಂದೇ ಹೇಳಿದರು. ಮೆಲುಕು ಹಾಕುವ ಮನಸ್ಸಿಗೂ ಬಿಗಿಯಾದ ಜಾಲಕ್ಕೂ ತಾಳೆಯಾಗಿ ಕಥೆ ಚೆನ್ನಾಗಿ ಕೂತಿತ್ತು. 2019ರಲ್ಲಿ ಚೀನಾದ 25 ಸಂಶೋಧನಾ ಗುಂಪುಗಳು ಸೇರಿ 1,300 ರೋಗಿಗಳ ಮತ್ತು 1,128 ಆರೋಗ್ಯವಂತರ ಸ್ಕ್ಯಾನ್ ಒಟ್ಟುಗೂಡಿಸಿದರು. ಸಂಪರ್ಕ ಕಡಿಮೆ ಎಂದು ಬಂತು! ಅದೂ ಮರುಕಳಿಸಿದ ಖಿನ್ನತೆಯವರಲ್ಲಿ; ಮೊದಲ ಸಲ ಕಾಯಿಲೆ ಬಿದ್ದು ಇನ್ನೂ ಮಾತ್ರೆ ಮುಟ್ಟದವರಲ್ಲಿ ಆ ಇಳಿಕೆ ಕಾಣಲಿಲ್ಲ. ಹಾಗಾದರೆ ಇದು ಕಾಯಿಲೆಯ ಗುರುತೋ ಮಾತ್ರೆಯ ಗುರುತೋ?

ಖಿನ್ನತೆಯನ್ನು ಸಂಪರ್ಕದ ಆಧಾರದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸಬಹುದೆಂದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಎರಡು ವರ್ಷದ ನಂತರ ಬೇರೊಂದು ತಂಡ ಅದೇ ಕ್ರಮವನ್ನು ತಮ್ಮ ರೋಗಿಗಳ ಮೇಲೆ ಹೂಡಿದಾಗ ಆ ವಿಂಗಡಣೆ ಗಟ್ಟಿಯಾಗಿ ನಿಲ್ಲಲಿಲ್ಲ. ಜನಸಮೂಹದಲ್ಲಿ ಮೆದುಳಿಗೂ ಮನಸ್ಸಿನ ಗುಣಕ್ಕೂ ನಂಟು ಹುಡುಕುವ ಇಂಥ ಲೆಕ್ಕಕ್ಕೆ ಸಾವಿರಾರು ಜನ ಬೇಕೆಂದು 2022ರಲ್ಲಿ ಸ್ಕಾಟ್ ಮಾರೆಕ್ ಮತ್ತು ಇತರರು ಕಡ್ಡಿ ಮುರಿದಂತೆ ಹೇಳಿದರು.

ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಇಷ್ಟವಾದದ್ದು ಅದೇ. ನೂರಾರು ಜನರನ್ನು ಒಮ್ಮೊಮ್ಮೆ ನೋಡುವ ಬದಲು ಕೆಲವೇ ಜನರನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು. ನ್ಯೂಯಾರ್ಕಿನ ಚಾರ್ಲ್ಸ್ ಲಿಂಚ್ ಮತ್ತು ಸಂಗಡಿಗರ ಇಂಥ ಕೆಲಸ 2024ರಲ್ಲಿ ಪ್ರಕಟವಾಯಿತು. ಯಾವುದು ಮುಖ್ಯ, ಯಾವುದರ ಕಡೆ ಗಮನ ಹೋಗಬೇಕು ಎಂದು ತೀರ್ಮಾನಿಸುವ ಜಾಲವೊಂದು ಖಿನ್ನತೆಯಿರುವ ಬಹುಪಾಲು ಜನರ ಮೆದುಳಿನಲ್ಲಿ ಸುಮಾರು ಇಮ್ಮಡಿ ಜಾಗ ಹಿಡಿದಿತ್ತು. ಮನಸ್ಸು ಹಗುರಾದ ದಿನಗಳಲ್ಲೂ ಅದು ಕುಗ್ಗಿರಲಿಲ್ಲ. ಅಂದರೆ ಅದು ಇವತ್ತಿನ ಬೇಸರದ ಗುರುತಲ್ಲ, ಬೇಸರಕ್ಕೆ ಬೀಳುವ ಸ್ವಭಾವದ ಗುರುತಿರಬಹುದು. ಮಾವ ನಾಳೆ ಗುಣವಾಗಿ ಎದ್ದು ಹೊಲಕ್ಕೆ ಹೋದರೂ ಚಿತ್ರ ಹಾಗೆಯೇ ಉಳಿದೀತು.

ತೊಂದರೆ ನಿವಾರಣೆ

ತೊಂದರೆ: ಸ್ಕ್ಯಾನ್ ನಾರ್ಮಲ್ ಬಂತು. ಕಾಯಿಲೆ ಇಲ್ಲವೆಂದು ಅರ್ಥವೇ?
ಪರಿಹಾರ: ಅಲ್ಲ. ಖಿನ್ನತೆಯಿರುವ ಒಬ್ಬ ವ್ಯಕ್ತಿಯನ್ನು ಚಿತ್ರ ನೋಡಿ ಗುರುತಿಸುವ ಪದ್ಧತಿ ಯಾವ ಆಸ್ಪತ್ರೆಯ ದಿನನಿತ್ಯದ ಬಳಕೆಗೂ ಬಂದಿಲ್ಲ. ಮಾವನನ್ನು ಬಯ್ಯುವುದು ನಿಲ್ಲಿಸಿ.

ತೊಂದರೆ: ಹಾಗಾದರೆ ಇಷ್ಟೆಲ್ಲ ವಿಜ್ಞಾನ ದಂಡವೇ?
ಪರಿಹಾರ: ಅದೂ ಅಲ್ಲ. ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಡುವ ಟಿಎಂಎಸ್ ಎಂಬ ಚಿಕಿತ್ಸೆಯಿದೆ. ಮಿಡಿತವನ್ನು ಹಣೆಯ ಎಡಭಾಗದಲ್ಲಿ ಸರಿಯಾಗಿ ಎಲ್ಲಿ ಕೊಡಬೇಕೆಂದು ಹುಡುಕಲು ರೋಗಿಯ ಸ್ವಂತ ಸಂಪರ್ಕ ನಕ್ಷೆ ನೆರವಿಗೆ ಬರುತ್ತದೆ. ಹಾಗೆ ಜಾಗ ಗುರುತಿಸಿ ದಿನಕ್ಕೆ ಹತ್ತು ಸಲದಂತೆ ಐದೇ ದಿನದಲ್ಲಿ ಮುಗಿಸುವ ಸ್ಟ್ಯಾನ್‌ಫರ್ಡಿನ ಕ್ರಮಕ್ಕೆ 2022ರಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ಮೋಟೆಬೆನ್ನೂರು ಕ್ರಾಸಿಗೆ ಅದು ಬರುವುದು ತಡ.

ತೊಂದರೆ: ಫಿಲಂ ಇಲ್ಲದಿದ್ದರೆ ಮನೆಯವರು ನಂಬುವುದಿಲ್ಲ.
ಪರಿಹಾರ: ಇದೊಂದೇ ನಿಜವಾದ ತೊಂದರೆ. ಅದಕ್ಕಾಗಿಯೇ ಅಳಿಯ ಸ್ಕ್ಯಾನಿಗೆ ಎದ್ದು ನಿಂತದ್ದು. ನಮ್ಮ ಕಡೆ ಕಾಯಿಲೆಗೆ ಒಂದು ದೊಡ್ಡ ಲಕೋಟೆ ಬೇಕು. ಬಂದವರೆದುರು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಲು ಕರಿಯ ಫಿಲಂ ಬೇಕು. ಕಾಲು ಮುರಿದವನಿಗೆ ಎಳನೀರು ತರುತ್ತಾರೆ. ಮನಸ್ಸು ಕುಸಿದವನಿಗೆ ಬುದ್ಧಿಮಾತು ತರುತ್ತಾರೆ. ಅಳಿಯನ ಉದ್ದೇಶ ಒಳ್ಳೆಯದೇ, ಬೀಗರೆದುರು ಮಾವನ ಮಾನ ಉಳಿಸಬೇಕೆಂದು ಹೊರಟಿದ್ದಾನೆ. ಆದರೆ ಮನುಷ್ಯ ತನ್ನ ಬಾಯಿಂದಲೇ ‘ಜೀವಕ್ಕ ಸಮಾಧಾನ ಇಲ್ಲ’ ಎಂದು ಹೇಳಿಯಾದ ಮೇಲೆ ಅದಕ್ಕೆ ಸಾಕ್ಷಿ ಕೇಳುವುದು ಮನೆಯವರ ಕೆಲಸವಲ್ಲ.

ಬದಲಿ ಉಪಕರಣ

ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ, ಅದನ್ನು ಕೇಳಿ ಉತ್ತರಕ್ಕೆ ಕಾಯುವ ಒಬ್ಬ ಮನುಷ್ಯ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಹಸಿವು, ದಣಿವು, ತನ್ನ ಬಗ್ಗೆ ತನಗೇ ಬೇಸರ, ಸಾಯುವ ಯೋಚನೆ, ಹೀಗೆ ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರು ಕೂತು ವಿವರವಾಗಿ ಮಾತಾಡಬೇಕು. ಕಾಂತ ಬೇಕಿಲ್ಲ, ತಾಳಿ ತೆಗೆಯಬೇಕಿಲ್ಲ, ಅಲುಗಾಡಬಹುದು, ಅಳಬಹುದು. ಥೈರಾಯ್ಡ್ ಒಮ್ಮೆ ನೋಡಿಸುವುದು ಒಳ್ಳೆಯದು. ಸಾಯುವ ಯೋಚನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಯಾವ ವಾರಕ್ಕೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ದೂರ ಹೋಗಲೇಬೇಕೆಂದರೆ ಹುಬ್ಬಳ್ಳಿ ದಾಟಿದರೆ ಧಾರವಾಡದ ಡಿಮ್ಹಾನ್ಸ್ ಇದೆ, 1845ರಷ್ಟು ಹಳೆಯ ಆಸ್ಪತ್ರೆ. ಹತ್ತಿರವೇ ಸಾಕೆನ್ನುವವರಿಗೆ ತಾಲೂಕು ಆಸ್ಪತ್ರೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ 2014ರಿಂದ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೇ ಮಂಗಳವಾರ ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿಕೊಳ್ಳಿ.

ಮಾತ್ರೆ ಕೊಟ್ಟರೆ ಮೊದಲ ವಾರಕ್ಕೇ ‘ಇದ್ರಿಂದೇನೂ ಆಗಲಿಲ್ಲ’ ಎಂದು ಬಿಸಾಡಬೇಡಿ, ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ತಿಂಗಳುಗಟ್ಟಲೆ ನುಂಗಬೇಕಾದೀತು. ನಿಲ್ಲಿಸುವುದಿದ್ದರೆ ವೈದ್ಯರಿಗೆ ಹೇಳಿ ನಿಲ್ಲಿಸಿ.

ಬ್ಯಾಡಗಿಯ ಬಳಕೆದಾರರಿಗೆ ವಿಶೇಷ ಸೂಚನೆ: ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಮಂಗಳವಾರ ಖಾಲಿ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದೆನ್ನುವ ಅತ್ತೆಗೆ ಇದು ಹಳೆಯ ಕಾಯಿಲೆ ಎಂದು ಹೇಳಿ. ಹಿಂದಿನ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ಗ್ಯಾಸಿನ ಮಾತ್ರೆಯದೂ ಇರಲಿ. ಸರದಿ ಉದ್ದವಿರುತ್ತದೆ, ಎರಡು ರೊಟ್ಟಿ ಕಟ್ಟಿಕೊಂಡು ಹೋಗಿ. ಜೊತೆಗೆ ಅಳಿಯನೇ ಹೋಗಲಿ, ಡಾಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಮಾವನೇ ಹೇಳಲಿ.